ಒಪ್ಪಿಗೆಯ ಕೆಳಗಿನ ಹೆಸರು

ಮೊಂತೆವಿದೆಯೊ ನಗರದ ಆ ಕಚೇರಿಯಲ್ಲಿ ಸೋಮವಾರದಿಂದಲೂ ಸೋರೆಬುರುಡೆ ನೆಲ್ಬಾಳ ಮೇಜನ್ನು ತಪ್ಪಿಸಿಕೊಂಡು ಓಡಾಡುತ್ತಿತ್ತು. ತಂಡದ ಮುಖ್ಯಸ್ಥ ವಿಲ್ಮಾರ್ ಅದರಲ್ಲಿನ ಮಾಟೆ ಸೊಪ್ಪಿಗೆ ಬಿಸಿನೀರು ಹೊಯ್ದು, ಹೀರುಕೊಳವೆಯಿಟ್ಟು ಕಷಾಯ ಕೊಡುತ್ತಿದ್ದ. ಒಬ್ಬರು ಹೀರಿ ಮರಳಿಸಿದರೆ ಮತ್ತೆ ತುಂಬಿ ಪಕ್ಕದವರಿಗೆ. ನೆಲ್ಬಾಳ ಎಡಗಡೆಯವನಿಗೆ ಕೊಟ್ಟ, ಬಲಗಡೆಯವಳಿಗೆ ಕೊಟ್ಟ, ನಡುವೆ ಕೂತ ಇವಳತ್ತ ತಿರುಗಿಯೂ ನೋಡಲಿಲ್ಲ. ಒಂದೇ ಕೊಳವೆಯಲ್ಲಿ ಹೀರುವವರು ಒಬ್ಬರನ್ನು ಬಿಟ್ಟರೆಂದರೆ ಅದು ಕೆನ್ನೆಗೆ ಬಾರಿಸಿದ ಹಾಗೆಯೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇದಕ್ಕೇನು ಮಾಡುವುದು?

ಅವಳು ಮಾಡಿದ ತಪ್ಪು, ತನ್ನ ಕೆಲಸ ಮಾಡಿದ್ದು. ಆಂಬುಲೆನ್ಸ್ ಕಳಿಸುವ ಸಂಸ್ಥೆಯೊಂದಕ್ಕೆ ಇವರು ತಂತ್ರಾಂಶ ಬರೆಯುತ್ತಿದ್ದರು. ಅದನ್ನು ಪರೀಕ್ಷಿಸಿ, ಸರಿಯಿದೆ ಎಂದು ಹೆಸರು ಹಾಕಬೇಕಾದವಳು ನೆಲ್ಬಾ. ತಂಡದ ಯಾರದಾದರೂ ಒಂದು ಹೆಸರು ಬೀಳದೆ ಅದು ಹೊರಗೆ ಹೋಗುವಂತಿರಲಿಲ್ಲ. ಒಂದೇ ಕಟ್ಟಡದಿಂದ ಎರಡು ಕರೆ ಬಂದರೆ ತಂತ್ರಾಂಶ ಎರಡನೆಯದನ್ನು ಮೊದಲನೆಯದರ ನಕಲೆಂದು ಬಗೆದು ಅಳಿಸಿಬಿಡುತ್ತಿತ್ತು. ಮೂರನೇ ಮಹಡಿಯ ಮುದುಕನಿಗೆ ಗಾಡಿ ಬರುತ್ತದೆ, ಎಂಟನೇ ಮಹಡಿಯ ಬಸುರಿಗೆ ಬರುವುದಿಲ್ಲ. ಇದನ್ನು ಹಿಡಿಯಲೆಂದೇ ನೆಲ್ಬಾ ಒಂದು ಪರೀಕ್ಷೆ ಬರೆದು ತಂತ್ರಾಂಶದೊಳಗೆ ಇಟ್ಟಿದ್ದಳು; ತಪ್ಪಿದ್ದರೆ ಪರದೆಯಲ್ಲಿ ಕೆಂಪು ಗುರುತು, ಸರಿಯಿದ್ದರೆ ಹಸಿರು.

ಹೋದ ವಾರ ಪರದೆಯ ಮೇಲೆ ಎಲ್ಲ ಗುರುತುಗಳೂ ಹಸಿರಾದವು. ಅಂತೂ ಸರಿಹೋಯಿತೆಂದು ಒಳಗೆ ಇಣುಕಿದರೆ, ತಂಡದ ಯಮಾಂದು ತಪ್ಪನ್ನು ಹಾಗೇ ಬಿಟ್ಟು ಪರೀಕ್ಷೆಯನ್ನೇ ನಿಲ್ಲಿಸಿದ್ದ. ತಂತ್ರಾಂಶದ ಆ ಭಾಗ ಬರೆದವನೂ ಅವನೇ. ಗಡುವು ಹತ್ತಿರ ಬಂದರೆ ಈ ಜನ ಮಾಡುವುದೇ ಇದು. ಕಳ್ಳನನ್ನು ಕಂಡು ನಾಯಿ ಬೊಗಳಿದರೆ ನಾಯಿಯ ಬಾಯಿ ಕಟ್ಟುತ್ತಾರೆ. ನೆಲ್ಬಾ ಪರೀಕ್ಷೆಯನ್ನು ಮತ್ತೆ ಚಾಲೂ ಮಾಡಿದಳು. ಪರದೆ ಕೆಂಪಾಯಿತು, ತಂಡದ ಕಣ್ಣೂ ಕೆಂಪಾಯಿತು.

ಶುಕ್ರವಾರ ಮಧ್ಯಾಹ್ನ ವಿಲ್ಮಾರ್ ಅವಳ ಮೇಜಿನ ಮುಂದೆ ಬಂದು ನಿಂತ. ಸಂಜೆಯೊಳಗೆ ತಂತ್ರಾಂಶ ಗ್ರಾಹಕರ ಕೈ ಸೇರಬೇಕಿತ್ತು.

"ಅಮ್ಮಾ ತಾಯಿ, ಒಂದು ಹೆಸರು ಹಾಕೋಕೆ ನಿಂಗೇನು ದಾಡಿ? ಎರಡು ಕರೆ ಒಟ್ಟಿಗೆ ಬರೋದು ಯಾವ ಕಾಲಕ್ಕೋ. ಮುಂದಿನ ತಿಂಗಳು ಸರಿ ಮಾಡಿದ್ರಾಯ್ತು."

"ಇವಳಿಗೆ ಒಂದು ಸಾಲು ನೆಟ್ಟಗೆ ಬರೆಯೋಕೆ ಬರಲ್ಲ," ಎಂದ ಯಮಾಂದು ಕೂತಲ್ಲಿಂದಲೇ. "ಬರೆಯೋರ ಹುಳುಕು ಹುಡುಕೋದೇ ಹೊಟ್ಟೆಪಾಡು."

ಎಲ್ಲರೂ ನಕ್ಕರು. ಹೆಸರು ಹಾಕದಿದ್ದರೆ ಸೋಮವಾರ ಬರುವುದೇ ಬೇಡ ಎಂದೂ ವಿಲ್ಮಾರ್ ಹೇಳಿದ. ನೆಲ್ಬಾಳಿಗೆ ಮೈಯೆಲ್ಲ ಉರಿಯಿತು. ಕೆಲಸ ಹೋದರೆ ಬಾಡಿಗೆಗೆ ಏನು ಗತಿ ಎಂಬ ಭಯವೂ ಇತ್ತು. ಆದರೂ ಎದ್ದು ನಿಂತು, ಒಪ್ಪಿಗೆಯ ಪುಟ ತೆರೆದು, ಪರದೆಯನ್ನು ಅವರತ್ತ ತಿರುಗಿಸಿದಳು.

"ಅಪಾಯ ಇಲ್ಲ ಅಂತೀರಲ್ಲ, ಮತ್ತೆ ನನ್ನ ಹೆಸರೇ ಯಾಕೆ ಬೇಕು? ಯಮಾಂದು, ಬಾ. ಬರೆದೋನು ನೀನು, ನಿನ್ನ ಹೆಸರೇ ಹಾಕು."

ಯಮಾಂದು ಕದಲಲಿಲ್ಲ. ಮೇಲಿನವರು ಹೇಳಿದಷ್ಟನ್ನು ಬರೆದವನು ತಾನು, ಅಷ್ಟೇ ಎಂದು ಗೊಣಗಿದ. ಬಲಗಡೆಯವಳು ತಾನು ಈ ಕೆಲಸಕ್ಕೆ ಹೊಸಬಳೆಂದಳು. ಎಡಗಡೆಯವನಿಗೆ ಏಕಾಏಕಿ ಫೋನು ಬಂತು. ಎಲ್ಲರೂ ವಿಲ್ಮಾರನ ಮುಖ ನೋಡಿದರು. ಮುಖ್ಯಸ್ಥರು ಹೆಸರು ಹಾಕುವ ಪದ್ಧತಿಯಿಲ್ಲ ಎಂದ ಅವನು, ತಗ್ಗಿದ ದನಿಯಲ್ಲಿ.

ಪುಟ ಖಾಲಿಯೇ ಉಳಿಯಿತು. ಕೊನೆಗೆ ವಿಲ್ಮಾರ್ ಗ್ರಾಹಕರಿಗೆ ಫೋನು ಮಾಡಿದ. ತಂಡದ ಒಬ್ಬಳಿಂದಾಗಿ ತಡವಾಗುತ್ತಿದೆ ಎಂದು, ನೆಲ್ಬಾಳ ಪೂರ್ತಿ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದ. ಆಮೇಲೆ ಬುರುಡೆ ತುಂಬಿ, ಆ ವಾರ ಮೊದಲ ಬಾರಿಗೆ, ಅವಳ ಮುಂದೆ ಹಿಡಿದ.

"ಕುಡಿ. ಗೆದ್ದೆಯಲ್ಲ."

ನೆಲ್ಬಾ ಕೈ ಚಾಚಲಿಲ್ಲ.

"ಗೆದ್ದಿಲ್ಲ ವಿಲ್ಮಾರ್. ಆ ಪರೀಕ್ಷೆ ಇನ್ನೂ ಕೆಂಪಾಗೇ ಇದೆ."

ಮಂಗಳವಾರದಿಂದಲೇ ಅವಳು ತನ್ನದೇ ಬುರುಡೆ, ತನ್ನದೇ ಫ್ಲಾಸ್ಕು ತರುತ್ತಿದ್ದಳು. ಚೀಲದಿಂದ ತೆಗೆದು ನೀರು ಹೊಯ್ದುಕೊಂಡಳು. ಯಮಾಂದು ಹಲ್ಲು ಕಡಿಯುತ್ತಾ ತನ್ನ ತಪ್ಪಿನ ಸಾಲು ತೆರೆದು ತಿದ್ದಲು ಶುರುಮಾಡುವವರೆಗೆ, ಅವನನ್ನೇ ನೋಡುತ್ತ, ಒಬ್ಬಳೇ ಹೀರಿದಳು.