ಬಟ್ಟಲು ಕೈಗೆ ಬಂದ ದಿನ

ಪ್ರಮೀಳಾಳ ಮದುವೆಯ ದಿನ ಅವಳ ಅಪ್ಪ ಸಮುವೇಲ ಮೇಷ್ಟ್ರು ಒಂದು ಮಾತು ಕೊಟ್ಟಿದ್ದರು. ಕೊಟ್ಟದ್ದು ಬೀಗಿತ್ತಿ ಲೂರ್ದಮ್ಮನಿಗೆ, ಅದೂ ಊಟದ ಎಲೆಯ ಮುಂದೆ, ಇಡೀ ಪಂಕ್ತಿ ಕೇಳುವ ಹಾಗೆ.

ನಾಗಮಂಗಲದ ಮೇಷ್ಟ್ರದು ಪ್ರೊಟೆಸ್ಟೆಂಟ್ ಮನೆತನ. ಗಂಜಾಮಿನ ಲೂರ್ದಮ್ಮನದು ಅಜ್ಜ ಮುತ್ತಜ್ಜಂದಿರ ಕಾಲದಿಂದ ಕ್ಯಾಥೊಲಿಕ್ ಮನೆ. ಲೂರ್ದಮ್ಮನ ಮಗ ಕುಮಾರನನ್ನೇ ಕಟ್ಟಿಕೊಳ್ಳುತ್ತೇನೆಂದು ಮಗಳು ಹಟ ಹಿಡಿದಾಗ ಮೇಷ್ಟ್ರು ಒಪ್ಪಿದರು. ಆದರೆ ಮದುವೆಯ ಪೂಜೆಯಲ್ಲಿ ಇಡೀ ಚರ್ಚು ಮಂಡಿಯೂರಿದಾಗ ತಾವೊಬ್ಬರೇ ಕೈಕಟ್ಟಿಕೊಂಡು ಕೂತರು. ಲೂರ್ದಮ್ಮ ಅದನ್ನು ಅಲ್ಲಿಗೇ ಬಿಡುವ ಹೆಂಗಸಲ್ಲ. ಎಲೆಗೆ ಪಾಯಸ ಬೀಳುತ್ತಿದ್ದಂತೆ, ಬೀಗರ ಮಂಡಿಗೆ ವಾತ ಗೀತ ಹಿಡಿದಿದೆಯೋ ಹೇಗೆ ಎಂದು ವಿಚಾರಿಸಿಯೇ ಬಿಟ್ಟಳು.

"ನೋಡಿ ಲೂರ್ದಮ್ಮನೋರೇ," ಎಂದರು ಮೇಷ್ಟ್ರು. "ಕೊನೇ ಊಟದಲ್ಲಿ ಕರ್ತ ರೊಟ್ಟೀನೂ ಕೊಟ್ಟ, ದ್ರಾಕ್ಷಾರಸದ ಬಟ್ಟಲನ್ನೂ ಕೊಟ್ಟ. ನಿಮ್ಮ ಪಾದ್ರಿಗಳು ಜನಕ್ಕೆ ರೊಟ್ಟಿ ಕೊಟ್ಬುಟ್ಟು ಬಟ್ಟಲು ತಾವೇ ಮಡಿಕ್ಕಂಡವ್ರೆ. ಆ ಬಟ್ಟಲು ಯಾವತ್ತು ನಿಮ್ಮನೇರ ಕೈಗೆ ಬತ್ತದೋ, ಅವತ್ತು ಅಲ್ಲೇ, ನಿಮ್ಮ ಚರ್ಚಲ್ಲೇ, ನಾನು ಮಂಡಿ ಊರ್ತೀನಿ. ಇದು ಮೇಷ್ಟ್ರ ಮಾತು."

ಎಲ್ಲರೂ ಕೇಳಿಸ್ಕಳಿ ಎಂದಳು ಲೂರ್ದಮ್ಮ. ಪಂಕ್ತಿ ನಕ್ಕಿತು. ಪಾಯಸ ಮುಂದಕ್ಕೆ ಹೋಯಿತು.

ಅದಾಗಿ ಹನ್ನೊಂದು ವರ್ಷ. ಕುಮಾರ ಕೆ.ಆರ್. ಪೇಟೆ ಕಡೆ ಹಾಲಿನ ವ್ಯಾನು ಓಡಿಸುತ್ತಾನೆ. ಪ್ರಮೀಳಾ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾಳೆ, ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಅವಳು ತನ್ನ ಪ್ರೊಟೆಸ್ಟೆಂಟ್ ಸಭೆಯನ್ನು ಬಿಡಲಿಲ್ಲ, ತಿಂಗಳಿಗೊಂದು ಭಾನುವಾರ ಪಾಂಡವಪುರದ ಆರಾಧನೆಗೆ ಹೋಗುತ್ತಾಳೆ. ಮಿಕ್ಕ ಭಾನುವಾರ ಗಂಜಾಮಿನ ಚರ್ಚಿನಲ್ಲಿ ಗಂಡನ ಪಕ್ಕ ಕೂರುತ್ತಾಳೆ. ಪೂಜೆಯ ರೊಟ್ಟಿ ಹಂಚುವ ಪರಮಪ್ರಸಾದದ ಹೊತ್ತಿಗೆ ಬೆಂಚಿಗೆ ಬೆಂಚೇ ಎದ್ದು ಸಾಲು ನಿಂತರೆ ಅವಳು ಮಾತ್ರ ಕಾಲು ಓರೆ ಮಾಡಿ ದಾರಿ ಬಿಡುತ್ತಾಳೆ. ಬೇರೆ ಸಭೆಯವಳಿಗೆ ಅಲ್ಲಿ ಪ್ರಸಾದವಿಲ್ಲ. ಎಲ್ಲರೂ ಎದ್ದು ಹೋದ ಬೆಂಚಿನಲ್ಲಿ ಒಬ್ಬಳೇ ಕೂರುವುದು ಎಂದರೇನು ಎಂದು ಅವಳನ್ನು ಕೇಳಬೇಕು.

ಮಗಳು ಚಿನ್ನುಗೆ ಈಗ ಒಂಬತ್ತು. ನಾಲ್ಕನೇ ವರ್ಷದಲ್ಲಿ ಹೊಟ್ಟೆ ಉಬ್ಬಿ, ಕೈಕಾಲು ಹಂಚಿಕಡ್ಡಿಯಾಗಿ, ತಿಂದದ್ದೆಲ್ಲ ಹೊರಗೆ ಹೋಗಿ ಮಗು ಉಳಿಯುವುದೇ ಅನುಮಾನ ಎನ್ನುವಂತಾಗಿತ್ತು. ಮೈಸೂರಿನ ಡಾಕ್ಟರು ಕೊನೆಗೆ ಕಂಡುಹಿಡಿದರು: ಮಗುವಿಗೆ ಗೋಧಿ ಆಗುವುದಿಲ್ಲ. ಬದುಕಿರುವತನಕ ಒಂದು ಚೂರೂ ಕೂಡದು. ಮುದ್ದೆ ತಿನ್ನುವ ಸೀಮೆಯಲ್ಲಿ ಹುಟ್ಟಿದ್ದು ಮಗುವಿನ ಪುಣ್ಯ. ಬಿಸ್ಕತ್ತು, ಪರೋಟ ಬಿಟ್ಟಳು, ರಾಗಿ ತಿಂದು ಗುಂಡಗಾದಳು.

ಈ ವರ್ಷ ಅವಳ ವಾರಿಗೆಯ ಹದಿನಾಲ್ಕು ಮಕ್ಕಳಿಗೆ ಮೊದಲ ಪರಮಪ್ರಸಾದ. ಬಿಳಿ ಬಟ್ಟೆ, ಕೈಯಲ್ಲಿ ಮೇಣದ ಬತ್ತಿ, ಇಡೀ ಊರೇ ನೋಡುವ ಹಬ್ಬ. ಪರಮಪ್ರಸಾದದ ಆ ತೆಳ್ಳನೆಯ ರೊಟ್ಟಿಯೋ ಅಪ್ಪಟ ಗೋಧಿಯದು. ಗೋಧಿಯೇ ಆಗಬೇಕೆಂಬುದು ಕ್ಯಾಥೊಲಿಕರ ಕಟ್ಟಳೆ. ಮಕ್ಕಳಿಗೆ ಧರ್ಮಪಾಠ ಹೇಳುವ ಟೀಚರು ಯೋಚಿಸಿ ಒಂದು ದಾರಿ ಹುಡುಕಿದರು: ಚಿನ್ನು ಎದೆಯ ಮೇಲೆ ಕೈಕಟ್ಟಿಕೊಂಡು ಬರಲಿ, ಗುರುಗಳು ತಲೆ ಮುಟ್ಟಿ ಆಶೀರ್ವಾದ ಮಾಡುತ್ತಾರೆ, ಅಷ್ಟು ಸಾಕು.

ಚಿನ್ನು ಮನೆಗೆ ಬಂದು ಹೊಸ್ತಿಲ ಮೇಲೆ ಕೂತಳು. ಅಳಲಿಲ್ಲ. "ನಾನು ಕೈ ಕಟ್ಕಂಡು ಹೋಗ್ಬೇಕಂತೆ ಕಣಮ್ಮಾ," ಎಂದಳು. "ತಾತನ ಥರ."

ಪ್ರಮೀಳಾಳ ಕೈಲಿದ್ದ ಟಿಫನ್ ಬಾಕ್ಸು ಕೈಯಲ್ಲೇ ಉಳಿಯಿತು. ಆ ಖಾಲಿ ಬೆಂಚು ಈಗ ಮಗಳಿಗೂ ಬಂತೇ? ಆಗಕೂಡದು ಎಂದುಕೊಂಡಳು. ಏನಾದರೂ ಸರಿ, ಆಗಕೂಡದು.

ಶನಿವಾರ ಮೇಷ್ಟ್ರು ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿಕೊಂಡು ಬಂದಿಳಿದರು, ಡಬ್ಬಿಯಲ್ಲಿ ರಾಗಿರೊಟ್ಟಿ ಸಮೇತ. ಸುದ್ದಿ ಕೇಳಿ ಅವರ ಮುಖ ಅರಳಿತು. ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ, ಮಗುವನ್ನು ನಮ್ಮ ಸಭೆಗೆ ಕರೆತನ್ನಿ, ಈ ರಾಗಿರೊಟ್ಟಿಯನ್ನೇ ಮುರಿದು ಕೊಡಿಸುತ್ತೇನೆ, ಕರ್ತನ ನೆನಪು ಮುಖ್ಯವೇ ಹೊರತು ಹಿಟ್ಟಲ್ಲ ಎಂದರು.

ಲೂರ್ದಮ್ಮ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. ನೆನಪು ಅಂತೆ, ನೆನಪು. ಪೂಜೆಯಲ್ಲಿ ಗುರುಗಳು ಮಂತ್ರಿಸಿದ ಮೇಲೆ ಅದು ನೆನಪೂ ಅಲ್ಲ ರೊಟ್ಟಿಯೂ ಅಲ್ಲ, ಸಾಕ್ಷಾತ್ ಆತನೇ. ಅಲ್ಲಿಂದ ಮಾತು ರಕ್ಷಣೆಗೆ, ಆತ್ಮ ಉದ್ಧಾರವಾಗುವ ಬಗೆಗೆ ತಿರುಗಿತು. ಎತ್ತು ಏರಿಗೆ, ಕೋಣ ನೀರಿಗೆ. ಸತ್ತ ಗಂಡನ ಆತ್ಮಕ್ಕೆ ಅವಳು ವರ್ಷಾವರ್ಷ ಪೂಜೆ ಕೊಡಿಸುವುದನ್ನು ಮೇಷ್ಟ್ರು ಎತ್ತಿ ಆಡಿದರು. ಮನುಷ್ಯ ಮಾಡಿದ ಪುಣ್ಯದಿಂದ ಯಾರೂ ಉದ್ಧಾರವಾಗುವುದಿಲ್ಲ, ಆತನ ಕೃಪೆ, ನಮ್ಮ ನಂಬಿಕೆ, ಅಷ್ಟೇ ಎಂದರು.

"ನಂಬ್ಕಂಡು ಕೂತ್ರೆ ಹೊಲ ಉತ್ತಂಗಾಯ್ತದಾ ಬೀಗ್ರೇ?" ಎಂದಳು ಲೂರ್ದಮ್ಮ.

"ನೀವು ಉತ್ರಿ ಅಂತ ಇಟ್ಕಳಿ. ಬೀಜ ಮೊಳೆಸೋರು ನೀವಾ?"

ನಡುವೆ ಕೂತು ಇಬ್ಬರ ಬಾಯನ್ನೂ ನೋಡುತ್ತಿದ್ದ ಚಿನ್ನು ಕೇಳಿದಳು: "ಅಜ್ಜಿ, ಅದು ಯೇಸುಸ್ವಾಮಿನೇ ಆಗೋದ್ಮೇಲೆ ಅದ್ರಲ್ಲಿ ಗೋಧಿ ಎಲ್ಲಿರ್ತದೆ?"

ಲೂರ್ದಮ್ಮನ ಕಣ್ಣು ಹೊಳೆಯಿತು. ಹೌದಲ್ಲ, ಗೋಧಿಯೇ ಇಲ್ಲದ ಮೇಲೆ ಭಯವೆಲ್ಲಿಯದು, ಮಗು ಧಾರಾಳವಾಗಿ ತಗೊಳ್ಳಬಹುದು, ನಮ್ಮ ನಂಬಿಕೆಯೇ ಕಮ್ಮಿಯಾಗಿತ್ತು ಎಂದಳು. ಹಾಗಾದರೆ ಕೊಟ್ಟೇ ನೋಡಿ ಎಂದು ಮೇಷ್ಟ್ರ ಬಾಯಿಗೆ ಬಂದಿತ್ತು. ಮೊಮ್ಮಗಳ ಮುಖ ನೋಡಿ ನುಂಗಿಕೊಂಡರು. ಪ್ರಮೀಳಾ ಮಗಳನ್ನು ತನ್ನ ಕಡೆಗೆ ಎಳೆದುಕೊಂಡಳು. ಅತ್ತೆ ಹೇಳಿದ್ದು ಮಾಡುವವಳು. ತಾನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮಗುವಿನ ತಲೆಗೆ ಇದನ್ನೇ ತುಂಬಿದರೆ, ಆ ದಿನ ಸಾಲಿನಲ್ಲಿ ನಿಂತ ಮಗು ನಾಲಿಗೆ ಚಾಚಿಯೇಬಿಟ್ಟರೆ?

ಸೋಮವಾರ ಸಂಜೆ ಅವಳು ಗಾರ್ಮೆಂಟ್ಸಿನ ಬಸ್ಸಿಳಿದು ಮನೆಗೆ ಹೋಗಲಿಲ್ಲ. ನೇರ ಚರ್ಚಿಗೆ ಹೋಗಿ ಫಾದರ್ ಇನ್ನಾಸಪ್ಪನವರ ಮುಂದೆ ನಿಂತಳು. ಬ್ಯಾಗು ಹೆಗಲಲ್ಲೇ ಇತ್ತು, ಸೀರೆಗೆ ದಾರದ ತುಂಡುಗಳು ಅಂಟಿದ್ದವು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು, ಮಗಳ ಪ್ರಶ್ನೆಯನ್ನೂ ಸೇರಿಸಿ.

ಫಾದರ್ ನಕ್ಕರು, ಆದರೆ ಹಗುರವಾಗಿ ತೆಗೆದುಕೊಳ್ಳಲಿಲ್ಲ. "ಒಳಗಿನ ಸಾರ ಬದಲಾಗುತ್ತೆ ಕಣಮ್ಮ, ಹೊರಗಿನ ಗುಣ ಹಾಗೇ ಉಳಿಯುತ್ತೆ. ಹೊಟ್ಟೆಗೆ ಗೊತ್ತಾಗೋದು ಗುಣವೇ. ನಿಮ್ಮತ್ತೆಗೆ ನಾನೇ ಹೇಳ್ತೀನಿ, ಮಗೂನ ಅಪಾಯಕ್ಕೆ ತಳ್ಳೋದು ನಂಬಿಕೆ ಅಲ್ಲ ಅಂತ."

ಪ್ರಮೀಳಾ ತಲೆತಗ್ಗಿಸಿದಳು. ಹಾಗಾದರೆ ಕೈಕಟ್ಟಿಕೊಂಡೇ ಹೋಗಬೇಕು.

"ಇನ್ನೂ ಮುಗೀಲಿಲ್ಲ," ಎಂದರು ಫಾದರ್. "ರೊಟ್ಟೀಲಿ ಆತ ಎಷ್ಟು ಪೂರ್ತಿ ಇದ್ದಾನೋ ದ್ರಾಕ್ಷಾರಸದಲ್ಲೂ ಅಷ್ಟೇ ಪೂರ್ತಿ ಇದ್ದಾನೆ. ಚಿನ್ನುಗೆ ಬಟ್ಟಲು ಕೊಡ್ತೀನಿ."

ಇದು ತಾನು ಮಾಡುವ ಉಪಕಾರವಲ್ಲ, ಇಂಥ ಮಕ್ಕಳಿಗೆಂದೇ ಸಭೆಯ ಕಟ್ಟಳೆಯಲ್ಲಿ ಇರುವ ದಾರಿ ಎಂದು ಅವರು ಬಿಡಿಸಿ ಹೇಳಿದರು. ಒಂದೇ ಎಚ್ಚರ. ತಾವು ಕುಡಿಯುವ ದೊಡ್ಡ ಬಟ್ಟಲಿಗೆ ಪೂಜೆಯ ಕ್ರಮದಂತೆ ರೊಟ್ಟಿಯ ಚೂರೊಂದು ಬೀಳುತ್ತದೆ, ಅದು ಮಗುವಿಗೆ ಕೂಡದು. ಅವಳಿಗೆ ಬೇರೆಯೇ ಪುಟ್ಟ ಬಟ್ಟಲು ಬೇಕು, ಅದು ಮಂತ್ರಿಸುವ ಮೊದಲೇ ಪೀಠದ ಮೇಲಿರಬೇಕು. ಆಮೇಲೆ ತಂದಿಟ್ಟರೆ ಅದು ಬರೀ ದ್ರಾಕ್ಷಿ ರಸ.

ಪ್ರಮೀಳಾ ಚರ್ಚಿನ ಮೆಟ್ಟಿಲು ಇಳಿದದ್ದು ಅವಳಿಗೇ ಗೊತ್ತಾಗಲಿಲ್ಲ. ದಾರಿಯಲ್ಲೇ ಕುಮಾರನಿಗೆ ಫೋನು ಮಾಡಿದಳು. ಅವನು ಹಾಲಿನ ಕ್ಯಾನುಗಳ ಸದ್ದಿನ ಮಧ್ಯೆ, ಏನಂದೆ, ಇನ್ನೊಂದ್ಸಲ ಹೇಳು ಎಂದು ಮೂರು ಸಲ ಹೇಳಿಸಿದ. ಮೂರನೆಯ ಸಲ ಬೇಕೆಂದೇ ಹೇಳಿಸಿದ.

ಮನೆಯಲ್ಲಿ ವಿಷಯ ತಿಳಿದ ಲೂರ್ದಮ್ಮ ಮೊದಲು ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಒರಳುಕಲ್ಲಿನ ಮೇಲೆ ಕುಸಿದು ಕೂತು ನಗತೊಡಗಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಪ್ರಮೀಳಾ, ನಿಮ್ಮಪ್ಪನಿಗೆ ಫೋನ್ ಹಚ್ಚು ಮಗಾ."

ಲೂರ್ದಮ್ಮ ಪುಟ್ಟ ಬಟ್ಟಲಿನ ಸುದ್ದಿಯನ್ನೆಲ್ಲ ಹೇಳಿ ಮಂಡಿಯೂರುವ ಮಾತನ್ನು ನೆನಪಿಸಿದಳು. ಅತ್ತ ಕಡೆಯಿಂದ ಮೇಷ್ಟ್ರು, "ಬತ್ತೀನಿ," ಎಂದರು. "ಆದ್ರೆ ಕಣ್ಣಾರೆ ನೋಡೋಗಂಟ ನಂಬಕಿಲ್ಲ."

"ನಂಬಿದ್ರೆ ಸಾಕು ಅಂತಿದ್ದೋರು ನೀವೇ ಅಲ್ವಾ?" ಎಂದಳು ಲೂರ್ದಮ್ಮ.

ಈಸ್ಟರಿನ ಪಾಸ್ಕ ಹಬ್ಬ ಕಳೆದ ಮೂರನೆಯ ಭಾನುವಾರ. ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಪ್ರಮೀಳಾ ವಾರವಿಡೀ ಕೆಲಸ ಮುಗಿಸಿ ಬಂದು ಹೊಲಿದ ಬಿಳಿ ಫ್ರಾಕಿನಲ್ಲಿ ಚಿನ್ನು ಸಾಲಿನ ಕೊನೆಯವಳಾಗಿ ನಿಂತಿದ್ದಳು, ತುದಿಗಾಲಲ್ಲಿ. ಮೇಷ್ಟ್ರು ಹೊಸ ಪಂಚೆಯುಟ್ಟು ಬಂದಿದ್ದರು. ಒಳಗೆ ಕೂರಲು ಒಪ್ಪದೆ ಪೀಠದ ಪಕ್ಕದ ಬಾಗಿಲಲ್ಲಿ ನಿಂತರು.

ಹಾಡು, ವಾಚನ, ಪ್ರಬೋಧನೆ ಎಲ್ಲ ಆಯಿತು. ಮಕ್ಕಳು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹೊತ್ತು ತಂದು ಪೀಠದ ಬಳಿ ಒಪ್ಪಿಸಿದರು. ಎರಡನೆಯ ಬೆಂಚಿನ ನಡುವೆ ಕೂತಿದ್ದ ಪ್ರಮೀಳಾ ಪೀಠದ ಮೇಲೆ ಕಣ್ಣಾಡಿಸಿದಳು. ದೊಡ್ಡ ಬಟ್ಟಲು ಇತ್ತು. ರೊಟ್ಟಿಯ ತಟ್ಟೆ ಇತ್ತು. ಪುಟ್ಟ ಬಟ್ಟಲು ಇರಲಿಲ್ಲ.

ಇನ್ನೊಮ್ಮೆ ನೋಡಿದಳು. ಇಲ್ಲ. ಹಬ್ಬದ ಗಡಿಬಿಡಿಯಲ್ಲಿ ಫಾದರಿಗೂ ಅದರ ಗಮನವಿರಲಿಲ್ಲ, ಅವರು ದೊಡ್ಡ ಬಟ್ಟಲಿಗೆ ಸುರಿಯಲು ಕೈ ಚಾಚುತ್ತಿದ್ದರು. ಪ್ರಮೀಳಾ ಎದ್ದಳು. ಪೂಜೆಯ ನಡುವೆ ಅಡ್ಡ ಹೋಗ್ತಾರಾ ಎಂದು ಅತ್ತೆ ಸೆರಗು ಹಿಡಿದೆಳೆದಳು. ಎರಡೂ ಕಡೆ ಮಂಡಿಗೆ ಮಂಡಿ ತಾಗಿಸಿ ಕೂತ ಜನ. ಇನ್ನೇನು ಮಂತ್ರಿಸಿಬಿಟ್ಟರೆ ಮಗಳು ಕೈಕಟ್ಟಿಕೊಂಡು ವಾಪಸು ಬರುತ್ತಾಳೆ.

ಪ್ರಮೀಳಾ ಪಕ್ಕದ ಬಾಗಿಲ ಕಡೆ ನೋಡಿದಳು. ಅಪ್ಪನೂ ಪೀಠವನ್ನೇ ನೋಡುತ್ತಿದ್ದರು. ಮೂವತ್ತು ವರ್ಷ ಪರೀಕ್ಷೆ ಹಾಲಿನಲ್ಲಿ ಸಾಲು ಸಾಲು ಎಣಿಸಿದ ಕಣ್ಣು ಅದು, ಅವರಿಗೂ ಗೊತ್ತಾಗಿತ್ತು. ಅವಳು ಕೈಯನ್ನು ಬಟ್ಟಲಿನಂತೆ ಹಿಡಿದು ತೋರಿಸಿದಳು. ಮೇಷ್ಟ್ರು ಅಲುಗಲಿಲ್ಲ. ಸುಮ್ಮನೆ ನಿಂತರೆ ಸಾಕಿತ್ತು. ಬಟ್ಟಲು ಬರುವುದಿಲ್ಲ, ಮಂಡಿಯೂರುವುದೂ ಬೇಡ, ಹನ್ನೊಂದು ವರ್ಷದ ವಾದ ತಾನಾಗಿ ಗೆದ್ದಂತೆ. ಅವರ ಕಣ್ಣು ಸಾಲಿನ ಕೊನೆಗೆ ಹೋಯಿತು. ಅಲ್ಲಿ ತುದಿಗಾಲಲ್ಲಿ ನಿಂತವಳು ತಾತನನ್ನು ನೋಡಿ ಹಲ್ಲು ಬಿಟ್ಟಳು.

ಮೇಷ್ಟ್ರು ತಿರುಗಿ ಪಕ್ಕದ ಕೋಣೆಗೆ ನುಗ್ಗಿದರು. ಅಲ್ಲಿದ್ದದ್ದು ಚರ್ಚಿನ ಗಂಟೆ ಹೊಡೆಯುವ ಅರುಳಪ್ಪ. ಮೇಷ್ಟ್ರ ಪಿಸುಮಾತು ಹಿಂದಿನ ಬೆಂಚಿನವರೆಗೆ ಕೇಳಿಸಿತು: "ಏನ್ಲಾ, ಮಗೀನ ಬಟ್ಟಲೆಲ್ಲಿ?"

ಫಾದರ್ ತೆಗೆದಿರಿಸಿದ್ದ ಅದನ್ನು ಯಾರೋ ತಂದ ಉಡುಗೊರೆ ಎಂದುಕೊಂಡು ಅರುಳಪ್ಪ ಬೀರುವಿನಲ್ಲಿಟ್ಟು ಬೀಗ ಹಾಕಿದ್ದ. ಬೀಗದ ಕೈ ಸೊಂಟದಲ್ಲೇ ಇತ್ತು, ಅದರ ಗಂಟು ಬೇಗ ಬಿಚ್ಚಿಬರಲಿಲ್ಲ. ಬೀರು ಕಿರ್ರೆಂದಿತು. ಫಾದರ್ ದೊಡ್ಡ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದವರು ಸದ್ದಿಗೆ ತಲೆಯೆತ್ತಿದರು. ಅರುಳಪ್ಪ ಅಂಗೈಯಲ್ಲಿ ಬೆಳ್ಳಿಯ ಪುಟ್ಟ ಬಟ್ಟಲು ಹಿಡಿದು ಓಡುನಡಿಗೆಯಲ್ಲಿ ಬಂದ. ಹಿಂದೆ, ಬಾಗಿಲ ಹೊಸ್ತಿಲಿನ ತನಕ, ಮೇಷ್ಟ್ರು. ಫಾದರ್ ಅದಕ್ಕೂ ದ್ರಾಕ್ಷಾರಸ ಸುರಿದರು. ಆಮೇಲೆ ಪೂಜೆ ಮುಂದುವರಿಯಿತು, ಗಂಟೆ ಮೊಳಗಿತು, ಎರಡು ಬಟ್ಟಲೂ ಒಟ್ಟಿಗೆ ಮಂತ್ರಿತವಾದವು. ಪ್ರಮೀಳಾಳ ಸೆರಗು ಇನ್ನೂ ಅತ್ತೆಯ ಮುಷ್ಟಿಯಲ್ಲೇ ಇತ್ತು.

ಹದಿಮೂರು ಮಕ್ಕಳು ನಾಲಿಗೆ ಚಾಚಿ ರೊಟ್ಟಿ ತಗೊಂಡರು. ಹದಿನಾಲ್ಕನೆಯವಳು ಎರಡೂ ಕೈ ಚಾಚಿದಳು. ಫಾದರ್ ಪುಟ್ಟ ಬಟ್ಟಲನ್ನು ಆ ಕೈಗಳಿಗೆ ಕೊಟ್ಟರು. ಚಿನ್ನು ಕುಡಿದಳು. ಒಗರಿಗೆ ಮೂಗು ಸೊಟ್ಟಗಾಯಿತು, ತಕ್ಷಣ ನೆಟ್ಟಗೆ ಮಾಡಿಕೊಂಡು ತಿರುಗಿದಳು.

ಆಮೇಲೆ ಎಂದಿನಂತೆ ಬೆಂಚುಗಳು ಎದ್ದು ಸಾಲು ನಿಂತವು. ಪ್ರಮೀಳಾ ಕಾಲು ಓರೆ ಮಾಡಿ ದಾರಿ ಬಿಟ್ಟಳು. ಗಂಡ ಹೋದ, ಅತ್ತೆ ಹೋದಳು, ಖಾಲಿ ಬೆಂಚಿನಲ್ಲಿ ಅವಳೊಬ್ಬಳೇ ಉಳಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಪಕ್ಕದ ಬಾಗಿಲ ಕಡೆ ತಿರುಗಿ ನೋಡಿದಳು.

ಮೇಷ್ಟ್ರು ಪಂಚೆಯನ್ನು ಎತ್ತಿ ಹಿಡಿದು, ಬಾಗಿಲ ಚೌಕಟ್ಟಿಗೆ ಒಂದು ಕೈ ಊರಿ, ಮೊದಲು ಎಡಮಂಡಿಯನ್ನು, ಆಮೇಲೆ ಬಲಮಂಡಿಯನ್ನು ನೆಲಕ್ಕಿಟ್ಟರು. ಹನ್ನೊಂದು ವರ್ಷದ ಹಿಂದೆ ಕೊಟ್ಟ ಮಾತನ್ನು ಅವರು ನಡೆಸಿಕೊಟ್ಟರು.