ಆ ಅವ್ವನ ಹಲ್ಲು

ಸೀದ ವಾಸನೆ, ಹಂಚಿನ ಮೇಲಿನ ರೊಟ್ಟಿಯದೇ ಎಂದುಕೊಂಡು ವಿಜಯಲಕ್ಷ್ಮಿ ತಿರುವಿ ಹಾಕಿದಳು, ರೊಟ್ಟಿಯದಲ್ಲ, ಮಧ್ಯಾಹ್ನ ಸುಂದ್ರವ್ವ ಕೂತೆದ್ದು ಹೋದ ಮೂಲೆಯದು, ಹುರಿದು ಪುಡಿ ಮಾಡಿದ ತಂಬಾಕು, ಅವಳು ಹಲ್ಲು ತಿಕ್ಕುವ ಮಿಶ್ರಿ — ರವಿವಾರವಾದರೂ ಸೊಂಟಕ್ಕೆ ಬಿಡುವಿಲ್ಲ, ಹಿಟ್ಟು ಇನ್ನೂ ಅಷ್ಟಿದೆ, ಫೋನು ಮತ್ತೆ ನಡುಗುತ್ತಿದೆ, ಶಿವಾನಂದ ಸರ್, ಅಗೆತದ ಮುಖ್ಯಸ್ಥರು, ಬೆಳಿಗ್ಗೆಯೂ ಅವರೇ ಮಾಡಿ ಹೇಳಿದ್ದು, ಗೆದ್ದಿವ್ರಿ ಮೇಡಂ, ದಡ್ಡಿ ಊರಿನ ಆ ಹೆಣ್ಣಮಗಳ ಹಲ್ಲಿನಾಗ ತಂಬಾಕ ಸಿಕ್ಕೈತಿ! ಕಳೆದ ಚಳಿಗಾಲ ಹೊಳೆದಂಡೆಯ ಕಲ್ಲುಗೋರಿಯಿಂದ ಎಲುಬಾಗಿ ಹೊರಬಂದವಳು, ಮೂರು ಸಾವಿರ ವರ್ಷ ಮಲಗಿದ್ದವಳು, ಅವಳ ಕಾಲದವರು ಯಾವ ನಶೆ ಮಾಡುತ್ತಿದ್ದರೋ ನೋಡೋಣವೆಂದು ಹಲ್ಲಿಗಂಟಿ ಗಟ್ಟಿಯಾದ ಪಾಚಿ ಕೆರೆದು ಪರೀಕ್ಷೆಗೆ ಕಳಿಸಿದ್ದು ತಾನೇ, ಗಾಂಜಾ ಇರಬಹುದು, ದತ್ತೂರಿ ಇರಬಹುದು, ಆದರೆ ತಂಬಾಕು? ಸರ್, ತಂಬಾಕ ಮೊನ್ನೆ ಮೊನ್ನೆ, ನಾನೂರ ವರ್ಷದ ಹಿಂದ, ಹಡಗಿನಾಗ ಬಂದದ್ದಲ್ಲೇನ್ರಿ? ಅದಕ್ಕ ಅಲ್ರಿ ಇದು ಸುದ್ದಿ, ಅವರು ನಕ್ಕರು, ನಾಳೆ ಪೇಪರಿನವ್ರು ಬರ್ತಾರ, ಚಲೋ ಸೀರಿ ಉಟ್ಟು ಬರ್ರಿ — ಯಾವ ಸೀರೆ, ಒಂದಕ್ಕೂ ಇಸ್ತ್ರಿಯಿಲ್ಲ — ಅವ್ವಾ, ನನ್ನ ಹಲ್ಲ ಅಳ್ಳಾಡಾಕತ್ತೈತಿ, ಶಿವಾನಿ ಬಾಯಿ ತೆರೆದು ಪಕ್ಕದಲ್ಲೇ ನಿಂತಿದ್ದಾಳೆ, ತಡಿ ನನ್ನ ಬಂಗಾರ, ಕೈ ಹಿಟ್ಟಾಗ್ಯಾವ — ಇದೇ ಹಿಟ್ಟಿನ ಕೈಯಲ್ಲಿ ಸುಂದ್ರವ್ವನಿಗೂ ಚಹಾ ಕೊಟ್ಟದ್ದು, ಅಗೆತದಲ್ಲಿ ಎಲುಬು ತೊಳೆಯುವ ಕೆಲಸಕ್ಕಿದ್ದವಳು, ಪೇಟೆಗೆ ಬಂದು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಮನೆಗೆ ಬಂದು, ಬಸಿಯಂಚಿಗೆ ಮಿಶ್ರಿ ತಿಕ್ಕಿ ಕಪ್ಪಾದ ತೋರುಬೆರಳಿಟ್ಟು ಚಹಾ ಊದುತ್ತ ಕೇಳಿದಳು, ಆ ಅವ್ವನ ಹಲ್ಲ ಏನಂದುವ್ರಿ ಬಾಯಾರ? ತಂಬಾಕ ತಿಂತಿದ್ಲಂತ ಸುಂದ್ರವ್ವ. ಆಕಿ ಎಲ್ಲಿ ತಿಂತಾಳ್ರಿ, ನಾನ ತಿಕ್ಕೇನಲ್ಲ! ನೀವೆಲ್ಲ ಉಣ್ಣಾಕ ಹೋದಾಗ ಆಕಿ ತಲಿ ತೊಡಿಮ್ಯಾಲ ಇಟಗೊಂಡೆ, ಎಷ್ಟ ವರ್ಷಾತೋ ಪಾಪ, ಯಾರೂ ಬಾಯಿ ತೊಳಸಿಲ್ಲ, ನನ್ನ ಮಿಶ್ರಿನ ಹಚ್ಚಿ ತಿಕ್ಕಿದೆ, ಹೆಣ್ಣಿಗಿ ಹೆಣ್ಣು ಅಷ್ಟೂ ಮಾಡಲಿಲ್ಲಂದ್ರ — ನಗುತ್ತಿದ್ದವಳು ಇವಳ ಮುಖ ನೋಡಿ ಬಸಿ ಕೆಳಗಿಟ್ಟಳು, ತಪ್ಪಾತೇನ್ರಿ? ಈ ವರ್ಷಾನೂ ಕೆಲಸಕ್ಕ ಕರೀತಾರಲ್ರಿ? — ಕರೆಯುವುದಿಲ್ಲ, ಸರ್ ಕಿವಿಗೆ ಬಿದ್ದರೆ ಅವಳನ್ನು ಹೊಳೆಯ ಹತ್ತಿರವೂ ಬಿಡುವುದಿಲ್ಲ, ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಪಾಚಿಯೆಲ್ಲ ಅರೆದು ಮುಗಿದಿದೆ, ಮತ್ತೊಮ್ಮೆ ನೋಡಲು ಚೂರೂ ಉಳಿದಿಲ್ಲ, ಹೇಳಿದರೆ ಇಷ್ಟು ದಿನದ ದುಡಿಮೆ ಒಲೆಗೆ, ಹೇಳದಿದ್ದರೆ ಪಾಪದ ಆ ಸತ್ತವಳ ಬಾಯಲ್ಲಿ ಒಂದು ಸುಳ್ಳು, ಅದು ಇನ್ನೆಷ್ಟು ಸಾವಿರ ವರ್ಷವೋ, ಸಾಕಾಗಿದೆ, ಒಂದು ಗಳಿಗೆ ಕೂತರೆ ಸಾಕು — ಹಿಟ್ಟಿನ ಬೆರಳಲ್ಲೇ ಫೋನು ಒತ್ತಿದಳು, ಸರ್, ಪೇಪರಿನವ್ರಿಗೆ ಬರಬ್ಯಾಡ ಅನ್ರಿ, ಆ ತಂಬಾಕ ಈಗಿಂದು, ತೊಳಿಯುವಾಗ ಹತ್ತೈತಿ. ಯಾರ ಕೈಯಿಂದ? ಮೇಡಂ, ಯಾರ ಕೈಯಿಂದ ಅಂತ ಕೇಳಾಕತ್ತೇನಿ. ನೋಡ ಅವ್ವಾ, ಎಂದು ಶಿವಾನಿ ಮತ್ತೆ ಬಾಯಿ ತೆರೆದಳು, ತೊಳಸೂ ಜವಾಬ್ದಾರಿ ನಂದಿತ್ರಿ ಸರ್, ನನ್ನ ಹೆಸರ ಬರಕೊಳ್ರಿ, ರೊಟ್ಟಿ ಈಗ ನಿಜವಾಗಿಯೂ ಸೀಯುತ್ತಿದೆ, ಸೀಯಲಿ, ಬೆರಳು ಮಗಳ ಹಲ್ಲಿನ ಮೇಲೆ, ಮೆಲ್ಲಗೆ, ನೋಯದಂತೆ, ತೊಡೆಯ ಮೇಲೆ ತಲೆ, ಹಲ್ಲಿನ ಮೇಲೆ ಬೆರಳು, ಕಪ್ಪು ಬೆರಳು, ಮೆಲ್ಲಗೆ, ಕಪ್ಪು ಬೆರಳು —