ಪಿಸುಬೈಗುಳ

"ಲೇ ಮುಂಡೇದೇ, ಕೈಗೆ ಲಕ್ವಾ ಹೊಡ್ದಿದ್ಯೇನೇ?"

ಧಣಿ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ. ದೂರದಿಂದ ನೋಡಿದವರು ಏನೋ ಸರಸದ ಮಾತು ಅಂದುಕೊಳ್ಳಬೇಕು, ಹಾಗೆ. ನಮ್ಮ ಡೈರಿಯಲ್ಲಿ ಬೈಗುಳವೂ ಮೆಲ್ಲಗೆ. ದನಿ ಏರಿದರೆ ಹಸುಗಳು ಬೆದರುತ್ತವೆ, ಬೆದರಿದರೆ ಹಾಲು ಇಳಿಸುವುದಿಲ್ಲ. ಬಾಯ್ತುಂಬ ಬೈಯಬೇಕೆನಿಸಿದರೆ ನಮ್ಮನ್ನು ಹೊರಗೆ ಗೊಬ್ಬರದ ಗುಂಡಿಯ ಹತ್ತಿರ ಕರೆದು, ಹೆತ್ತವಳನ್ನೂ ಸೇರಿಸಿ ಬೈಯುತ್ತಾನೆ.

ಹಸುಗಳಿಗೆ ಫ್ಯಾನು, ರಬ್ಬರ್ ಹಾಸಿಗೆ, ಎರಡು ಹೊತ್ತೂ ಕೊಳಲಿನ ಹಾಡು. ಕೋಣನ ಮುಂದೆ ಕಿನ್ನರಿ ಅಂತ ನಗಬೇಡಿ, ಹಾಡಿಗೆ ಹಾಲು ಹೆಚ್ಚುತ್ತದಂತೆ. ಈದ ದಿನವೇ ಕರುವನ್ನು ಬೇರೆ ಕಡೆ ಸಾಗಿಸುತ್ತಾರೆ. ಆಗ ತಾಯಿ ಅಂಬಾ ಎಂದು ಕೂಗಿದರೆ ಹಾಡಿನ ದನಿ ಏರಿಸುವುದು ನನ್ನ ಕೆಲಸ. ಅಷ್ಟು ದೊಡ್ಡ ಹುದ್ದೆ ನನ್ನದು! ಇಲ್ಲಿ ಹಸುಗಳಿಗೆಲ್ಲ ಹೆಸರಿದೆ. ನನ್ನ ಹೆಸರು 'ಲೇ'.

ಈಗ ನನಗೆ ಏಳು ತಿಂಗಳು. ಬಗ್ಗಿ ಕೆಚ್ಚಲಿಗೆ ಹಾಲು ಕರೆಯುವ ಯಂತ್ರದ ಕೊಳವೆ ಸಿಕ್ಕಿಸಲು ಹೊಟ್ಟೆ ಅಡ್ಡ ಬರುತ್ತದೆ. ಲಕ್ವಾ ಅಂದದ್ದು ಅದಕ್ಕೇ.

ಅಷ್ಟರಲ್ಲಿ ದನದ ಡಾಕ್ಟರು ಬಂದು ರಾಣಿ ಎಂಬ ಹಸುವನ್ನು ನೋಡಿದರು.

"ಇನ್ನೆರಡು ತಿಂಗ್ಳಿಗೆ ಈಯುತ್ತೆ. ಹಾಲು ಕರೆಯೋದು ನಿಲ್ಸಿ, ಒಣಹುಲ್ಲು ಹಾಸಿ ಮಲಗ್ಸಿ. ಜಾರೋ ನೆಲದ ಮೇಲೆ ಓಡಾಡಿಸ್ಬೇಡಿ."

"ಆಗ್ಲಿ ಡಾಕ್ಟ್ರೇ. ಪಾಪ, ಬಾಯಿಲ್ಲದ ಪ್ರಾಣಿ."

ಡಾಕ್ಟರು ಹೋದ ಮೇಲೆ ನಾನೂ ಧೈರ್ಯ ಮಾಡಿದೆ. "ಧಣಿ, ನಂಗೂ ಹೆರಿಗೆ ಆಗೋವರ್ಗೂ ಬಿಡುವು ಕೊಡಿ. ಆಮೇಲೆ ಇದೇ ಕೆಲ್ಸಕ್ಕೆ ಬರ್ತೀನಿ."

"ಥೂ! ನೀನೇನು ದಿನಾ ಇಪ್ಪತ್ತು ಲೀಟ್ರು ಕೊಡ್ತೀಯೇನೇ?"

ಹಾಳು ನಗು, ನನಗೇ ನಗು ಬಂತು. ಮಾತಿನಲ್ಲಿ ತಪ್ಪೇನಿದೆ ಹೇಳಿ? ಹೋದ ಸಲ ಇದೇ ನೆಲದಲ್ಲಿ ಜಾರಿ ಬಿದ್ದು ಹೊಟ್ಟೆಯ ಕೂಸನ್ನು ಕಳೆದುಕೊಂಡೆ. ಬಿದ್ದಾಗ ಬಾಯಿಗೆ ಸೆರಗು ತುರುಕಿಕೊಂಡೆ, ಹಸುಗಳು ಬೆದರಬಾರದಲ್ಲ! ಅಂಥ ನಿಯತ್ತಿನ ಕತ್ತೆ ನಾನು. ಆ ದಿನ ಒಂದು ಲೋಟ ಹಾಲೂ ಕಡಿಮೆಯಾಗಲಿಲ್ಲ. ಇದೂ ಹೋದರೆ ನಾನು ಬದುಕುವುದಿಲ್ಲ.

"ಗುಂಡಿ ಹತ್ರ ಬಾ. ಇವತ್ತೇ ನಿನ್ನ ಲೆಕ್ಕ ಚುಕ್ತಾ ಮಾಡ್ತೀನಿ," ಅಂದ ಧಣಿ.

ನಾನು ಹೋಗಲಿಲ್ಲ. ರಾಣಿಯನ್ನು ಕೊಟ್ಟಿಗೆಯಲ್ಲೇ ಕಂಬಿ ಸುತ್ತಿ ಹುಲ್ಲು ಹಾಸಿದ ಮೂಲೆಗೆ ಬಿಟ್ಟಿದ್ದರು. ಅವಳ ಹಿಂದೆಯೇ ಒಳಗೆ ಹೋಗಿ ಪಕ್ಕದಲ್ಲಿ ಕಾಲು ಚಾಚಿ ಮಲಗಿದೆ. ಅಯ್ಯೋ, ಎಂಥ ಸುಖ! ನನ್ನ ಮದುವೆಯ ಹಾಸಿಗೆಯೂ ಇಷ್ಟು ಮೆತ್ತಗಿರಲಿಲ್ಲ. ರಾಣಿ ನನ್ನ ತಲೆ ಮೂಸಿ, ನಮ್ಮವಳೇ ಎಂದುಕೊಂಡಳೋ ಏನೋ, ಸುಮ್ಮನಾದಳು.

ಧಣಿ ಕಂಬಿ ಹಿಡಿದು ನಿಂತ. ಕತ್ತಿನ ನರ ಉಬ್ಬಿತ್ತು, ದನಿ ಮಾತ್ರ ಬೆಕ್ಕಿನ ಬುಸುಗುಟ್ಟುವಿಕೆ.

"ಏಳೇ ಸೂಳೇಮುಂಡೆ... ಕಾಲು ಮುರೀತೀನಿ..."

ಹಾಲು ಕರೆಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ನಾನು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡೆ.

"ಏನಂದ್ರಿ ಧಣಿ?" ಗಂಟಲು ಹರಿಯುವ ಹಾಗೆ ಕೂಗಿದೆ.

ಸಾಲಿನ ಹಸುಗಳೆಲ್ಲ ತಲೆ ಎತ್ತಿದವು. ಯಾವುದೋ ಒಂದು ಹಸು ಕೊಳವೆಯನ್ನು ಒದ್ದು ಬೀಳಿಸಿತು. ಧಣಿ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಬೇಡಿಕೊಳ್ಳುತ್ತಿದ್ದ.

"ಕೇಳಿಸ್ಲಿಲ್ಲ! ಜೋರಾಗಿ ಹೇಳಿ!"